ರೋಹಿಣಿ ಖಾಡಿಲ್ಕರ್: ಮಣೆಯ ಮುಂದೆ ಕೂತವರು, ಅಂಗಳದಲ್ಲೇ ನಿಂತವರು

ಚದುರಂಗ ದೊಡ್ಡ ಮನೆಯವರ ಆಟ, ಅದರಿಂದ ನಮಗೇನಾಗಬೇಕು ಅಂತ ಕೇಳುವ ಗೆಳೆಯರು ನಮ್ಮಲ್ಲೇ ಇದ್ದಾರೆ. ಕೂಲಿ, ಭೂಮಿ, ಹಾಸ್ಟೆಲ್ಲಿನ ಅನ್ನ, ಇವುಗಳ ಜಗಳವೇ ಮುಗಿಯದಿರುವಾಗ ಅರವತ್ತನಾಲ್ಕು ಮನೆಯ ಹಲಗೆಯ ಮೇಲಿರುವ ಮರದ ರಾಜನ ಯೋಗಕ್ಷೇಮ ನಮಗ್ಯಾಕೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಬುದ್ಧಿ ಅನ್ನುವುದು ಯಾರ ಸ್ವತ್ತು ಎಂಬ ಪ್ರಶ್ನೆಯೂ ನಮ್ಮ ಚಳವಳಿಯ ಬೇರಿನಲ್ಲೇ ಇದೆ. ಮೈ ಮುರಿದು ದುಡಿಯುವವರು ಒಂದು ಕಡೆ, ತಲೆಯಿಂದ ದುಡಿಯುವವರು ಇನ್ನೊಂದು ಕಡೆ ಎಂದು ಪಾಲು ಮಾಡಿದವರೇ ಜಾತಿಯನ್ನೂ ಕಟ್ಟಿದರು. ಚದುರಂಗವನ್ನು ಬುದ್ಧಿ ತೂಗುವ ತಕ್ಕಡಿ ಅಂತ ಲೋಕ ಒಪ್ಪಿಕೊಂಡಿದೆ. ಹಾಗಿದ್ದ ಮೇಲೆ ಆ ತಕ್ಕಡಿಯ ಹತ್ತಿರಕ್ಕೆ ಯಾರನ್ನು ಬಿಟ್ಟರು, ಯಾರನ್ನು ಬಿಡಲಿಲ್ಲ ಎಂಬ ಲೆಕ್ಕವನ್ನು ನಾವು ಕೇಳಲೇಬೇಕು.

ಈ ಲೆಕ್ಕಕ್ಕೆ ರೋಹಿಣಿ ಖಾಡಿಲ್ಕರ್ ಅವರ ಆಟದ ಬದುಕು ಒಳ್ಳೆಯ ಉದಾಹರಣೆ. ಅದನ್ನು ಎರಡು ಕಡೆಯಿಂದ ನೋಡಬೇಕಾಗಿದೆ. ಒಂದು ಕಡೆಯಿಂದ ನೋಡಿದರೆ ಅದು ಬಂಡಾಯದ ಕತೆ. ಇನ್ನೊಂದು ಕಡೆಯಿಂದ ನೋಡಿದರೆ ಅನುಕೂಲಸ್ಥರ ಮನೆಯ ಕತೆ. ಎರಡೂ ನಿಜ. ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ನುಂಗುವುದು ವಿಮರ್ಶೆಯಲ್ಲ.

1

ಹೆಂಗಸರಿಗಾಗಿಯೇ ಮೊದಲ ರಾಷ್ಟ್ರೀಯ ಚೆಸ್ ಪಂದ್ಯಾವಳಿ ನಡೆದದ್ದು 1974ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಗೆದ್ದವರು ಮುಂಬೈಯ ವಾಸಂತಿ ಖಾಡಿಲ್ಕರ್. ಮುಂದಿನ ವರ್ಷ ಗೆದ್ದದ್ದು ತಂಗಿ ಜಯಶ್ರೀ. ಅದರ ಮುಂದಿನ ವರ್ಷ, 1976ರಲ್ಲಿ, ಎಲ್ಲರಿಗಿಂತ ಚಿಕ್ಕವಳಾದ ರೋಹಿಣಿ. ಆಗ ಆಕೆಗೆ ಹದಿಮೂರು ವರ್ಷ. ಹೀಗೆ ಸುಮಾರು ಹತ್ತು ವರ್ಷ ಈ ದೇಶದ ಮಹಿಳಾ ಚೆಸ್ ಪಟ್ಟ ಒಂದೇ ಮನೆಯ ಮೂವರು ಅಕ್ಕತಂಗಿಯರ ಕೈಯಿಂದ ಹೊರಗೆ ಹೋಗಲಿಲ್ಲ. ರೋಹಿಣಿ ಒಬ್ಬರೇ ಐದು ಸಲ ಗೆದ್ದರು. 1981ರಲ್ಲಿ ಹೈದರಾಬಾದಿನಲ್ಲಿ ಏಷ್ಯಾ ಮಹಿಳಾ ಪಟ್ಟ ಗೆದ್ದರು, 1983ರಲ್ಲಿ ಮತ್ತೆ ಅದೇ ಪಟ್ಟ. ಅರ್ಜುನ ಪ್ರಶಸ್ತಿ ಪಡೆದ ಮೊದಲ ಚೆಸ್ ಆಟಗಾರ್ತಿಯೂ ಇವರೇ.

ಪಟ್ಟಗಳ ಪಟ್ಟಿ ಅಷ್ಟಕ್ಕೇ ಇರಲಿ. ನಮಗೆ ಮುಖ್ಯವಾದದ್ದು 1976ರ ಇನ್ನೊಂದು ಘಟನೆ. ಆ ವರ್ಷ ರೋಹಿಣಿ ಗಂಡಸರ ರಾಷ್ಟ್ರೀಯ ಪಂದ್ಯಾವಳಿಗೆ ಹೋಗಿ ಕೂತಳು. ಈ ದೇಶದಲ್ಲಿ ಹಾಗೆ ಕೂತ ಮೊದಲ ಹೆಣ್ಣು ಆಕೆ. ಕೂತದ್ದಷ್ಟೇ ಅಲ್ಲ, ಮೂವರು ರಾಜ್ಯ ಚಾಂಪಿಯನ್ನರನ್ನು ಸೋಲಿಸಿದಳು. ಅಲ್ಲಿಗೆ ಗಲಾಟೆ ಎದ್ದಿತು. ಹೆಣ್ಣು ಗಂಡಸರ ಪಂದ್ಯಕ್ಕೆ ಬರಬಹುದೇ ಅನ್ನುವ ವಿವಾದ ಹೈಕೋರ್ಟಿನವರೆಗೆ ಹೋಯಿತು. ವಿಶ್ವ ಚೆಸ್ ಫೆಡರೇಷನ್ನಿನ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಯೂವೆ, ಅವರೇ ಒಂದು ಕಾಲದ ವಿಶ್ವ ಚಾಂಪಿಯನ್, ರಾಷ್ಟ್ರೀಯ ಮತ್ತು ಅಂತರರಾಷ್ಟ್ರೀಯ ಪಂದ್ಯಾವಳಿಗಳಿಂದ ಹೆಣ್ಣನ್ನು ಹೊರಗಿಡುವಂತಿಲ್ಲ ಎಂದು ತೀರ್ಪು ಕೊಡಬೇಕಾಯಿತು.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಚೆಸ್ಸಿನಲ್ಲಿ ಕುಸ್ತಿಯಿಲ್ಲ, ಭಾರ ಎತ್ತುವುದಿಲ್ಲ. ಎದುರಾಳಿಯ ಮೈ ಮುಟ್ಟುವ ಪ್ರಸಂಗವೇ ಇಲ್ಲ. ಹಾಗಿದ್ದೂ ಹದಿಮೂರರ ಹುಡುಗಿ ಎದುರಿಗೆ ಕೂತರೆ ಗಂಡಸರಿಗೆ ಏನು ಕಳೆದುಹೋಗುತ್ತಿತ್ತು? ಅವರ ಆಟ ಕೆಡುತ್ತಿರಲಿಲ್ಲ, ಮೇಲಿದ್ದೇವೆ ಎಂಬ ನಂಬಿಕೆ ಕೆಡುತ್ತಿತ್ತು. 1927ರಲ್ಲಿ ಅಂಬೇಡ್ಕರ್ ಮಹಾಡಿನ ಚೌದಾರ್ ಕೆರೆಗೆ ಇಳಿದಾಗಲೂ ಕೆರೆಯ ನೀರು ಕಡಿಮೆಯಾಗುತ್ತದೆ ಅಂತ ಯಾರೂ ಹೆದರಿರಲಿಲ್ಲ. ಮುಟ್ಟಬಾರದು ಅಂದದ್ದನ್ನು ಮುಟ್ಟಿದರೆ, ಆಮೇಲೆ 'ಬಾರದು' ಅನ್ನುವ ಮಾತೇ ನಿಲ್ಲುವುದಿಲ್ಲವಲ್ಲ, ಆ ಹೆದರಿಕೆ. ಎರಡು ಘಟನೆಗಳ ತೂಕ ಒಂದೇ ಅಂತ ನಾನು ಹೇಳುತ್ತಿಲ್ಲ. ಮಹಾಡಿನಲ್ಲಿ ನೀರು ಕುಡಿದವರ ಬೆನ್ನ ಮೇಲೆ ದೊಣ್ಣೆ ಬಿತ್ತು, ಚೆಸ್ ಮಣೆಯ ಮುಂದೆ ಕೂತ ಹುಡುಗಿಗೆ ಅರ್ಜಿ-ತಕರಾರು ಬಂತು. ಆದರೆ ಎರಡರ ವ್ಯಾಕರಣ ಒಂದೇ. ಹಾಗಾಗಿ ರೋಹಿಣಿಯ ಆ ಪ್ರವೇಶವನ್ನು ಮೇಲ್ಜಾತಿಯ ಹುಡುಗಿಯ ಹುಡುಗಾಟ ಅಂತ ತಳ್ಳಿಹಾಕುವುದು ತಪ್ಪು. ಅದು ಹಕ್ಕಿನ ಪ್ರವೇಶ. ಅದರ ಫಲವನ್ನು ಆಮೇಲೆ ಬಂದ ಎಲ್ಲ ಹುಡುಗಿಯರೂ ಉಂಡಿದ್ದಾರೆ.

2

ಇನ್ನು ಇನ್ನೊಂದು ಕಡೆ. ಈ ಅಕ್ಕತಂಗಿಯರ ಬಗ್ಗೆ ಬಂದಿರುವ ಹೊಗಳಿಕೆಯೆಲ್ಲ 'ಹುಟ್ಟು ಪ್ರತಿಭೆ' ಅನ್ನುವ ಒಂದೇ ಗೂಟಕ್ಕೆ ಕಟ್ಟಿಕೊಂಡಿದೆ. ನಮ್ಮ ಮೇಷ್ಟ್ರುಗಳೂ ತರಗತಿಯಲ್ಲಿ ಹೀಗೇ ಹೇಳುತ್ತಾರೆ: ನೋಡಿ ಮಕ್ಕಳೇ, ಹದಿಮೂರು ವರ್ಷಕ್ಕೇ ರಾಷ್ಟ್ರೀಯ ಚಾಂಪಿಯನ್, ಎಂಥಾ ತಲೆ! ತಲೆಯ ಮಾತು ಸರಿ. ಆ ತಲೆಗೆ ಸೂರು ಯಾವುದಿತ್ತು?

ಖಾಡಿಲ್ಕರ್ ಮನೆತನ ಮರಾಠಿ ಬ್ರಾಹ್ಮಣ ಪತ್ರಕರ್ತರ ಮನೆತನ. ಮುತ್ತಜ್ಜ ಕೃಷ್ಣಾಜಿ ಪ್ರಭಾಕರ ಖಾಡಿಲ್ಕರ್ ಟಿಳಕರ 'ಕೇಸರಿ'ಯಲ್ಲಿದ್ದವರು. ಬ್ರಿಟಿಷರು ನಿಷೇಧಿಸಿದ 'ಕೀಚಕವಧ' ನಾಟಕ ಬರೆದವರು. 1923ರಲ್ಲಿ 'ನವಾಕಾಳ' ಪತ್ರಿಕೆ ಶುರು ಮಾಡಿದವರು. ತಂದೆ ನೀಲಕಂಠ ಖಾಡಿಲ್ಕರ್ ಅದೇ ಪತ್ರಿಕೆಯ ಸಂಪಾದಕರು. ಮನೆಯಲ್ಲಿ ಮಣೆಯಿತ್ತು, ಪುಸ್ತಕವಿತ್ತು, ಬಿಡುವಿತ್ತು. ಆಡಬೇಡ ಅನ್ನದ ಅಪ್ಪನಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ದಿನಾ ಎದುರಿಗೆ ಕೂರಲು ತನ್ನಷ್ಟೇ ಗಟ್ಟಿಯಾದ ಇಬ್ಬರು ಅಕ್ಕಂದಿರಿದ್ದರು. ಚೆಸ್ ಒಬ್ಬರೇ ಬೆಳೆಸಿಕೊಳ್ಳುವ ವಿದ್ಯೆಯಲ್ಲ. ತನಗಿಂತ ಒಂದು ಕೈ ಮೇಲಿರುವ ಎದುರಾಳಿ ದಿನಾ ಸಿಕ್ಕಬೇಕು, ಸೋತ ಆಟವನ್ನು ಮತ್ತೆ ಬಿಚ್ಚಿ ನೋಡಲು ಸಂಜೆಯ ಹೊತ್ತು ಸಿಕ್ಕಬೇಕು. ಆಟ ಮುಗಿಸಿದ ಮೇಲೂ ಅಕ್ಕತಂಗಿಯರಿಗೆ ಕೆಲಸಕ್ಕೆ ತಡಕಾಡಬೇಕಾಗಲಿಲ್ಲ. ಜಯಶ್ರೀ 'ನವಾಕಾಳ'ದ ಸಂಪಾದಕರಾದರು. ರೋಹಿಣಿ ಮುದ್ರಣ ತಂತ್ರ ಕಲಿತು 'ಸಂಧ್ಯಾಕಾಳ' ಎಂಬ ಸಂಜೆ ಪತ್ರಿಕೆಯ ಸಂಪಾದಕರಾದರು.

ಇದನ್ನೆಲ್ಲ ಹೇಳುವುದು ಅವರ ಗೆಲುವನ್ನು ಸಣ್ಣದು ಮಾಡಲಿಕ್ಕಲ್ಲ. ಇಷ್ಟೇ ಅನುಕೂಲವಿದ್ದ ಸಾವಿರಾರು ಮನೆಯ ಹುಡುಗಿಯರು ಮಣೆಯ ಹತ್ತಿರ ಬರಲಿಲ್ಲ, ಏಕೆಂದರೆ ಆ ಮನೆಗಳ ಯಜಮಾನರು ಬಿಡಲಿಲ್ಲ. ಆದರೆ ಏಣಿಯನ್ನು ಮರೆಮಾಡಿ ಅಟ್ಟ ಹತ್ತಿದವರನ್ನು ಮಾತ್ರ ತೋರಿಸಿದರೆ, ನೆಲದಲ್ಲಿ ನಿಂತ ಮಗು ತನ್ನ ಕಾಲೇ ಸರಿಯಿಲ್ಲ ಅಂದುಕೊಳ್ಳುತ್ತದೆ. ಪ್ರತಿಭೆಯ ಪೂಜೆ ಮಾಡುವ ಮೇಷ್ಟ್ರು ತಮಗೆ ಗೊತ್ತಿಲ್ಲದೆಯೇ ಈ ಕೆಲಸ ಮಾಡುತ್ತಿರುತ್ತಾರೆ.

ಇದಕ್ಕೆ ನಮ್ಮ ರಾಜ್ಯದ್ದೇ ಜೋಡಿ ಉದಾಹರಣೆಯಿದೆ. ವಾಸಂತಿ ಬೆಂಗಳೂರಿನಲ್ಲಿ ಗೆದ್ದ ಅದೇ 1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ತಿದ್ದುಪಡಿಯಾದ ಭೂಸುಧಾರಣೆ ಕಾಯಿದೆ ಜಾರಿಗೆ ಬಂತು. ಉಳುವವನೇ ಒಡೆಯ ಅಂದರು. ಗೇಣಿ ಮಾಡುತ್ತಿದ್ದವರು ನಮೂನೆ 7 ಬರೆದು ಭೂ ನ್ಯಾಯಮಂಡಳಿಗೆ ಕೊಟ್ಟರು, ಎಷ್ಟೋ ಜನಕ್ಕೆ ಭೂಮಿ ಬಂತು. ಅದು ದೊಡ್ಡ ಹೆಜ್ಜೆ. ಆದರೆ ಗೇಣಿದಾರನ ಹೊಲದಲ್ಲೇ ಕೂಲಿಗಿದ್ದವನ ಕೈಯಲ್ಲಿ ಗೇಣಿಯೂ ಇಲ್ಲ, ಚೀಟಿಯೂ ಇಲ್ಲ. ಅವನು ನಮೂನೆ ಬರೆಯುವುದು ಎಲ್ಲಿಂದ? ಬಾಗಿಲು ತೆರೆದಾಗ ಹೊಸ್ತಿಲವರೆಗೆ ಬಂದಿದ್ದವರು ಮೊದಲು ಒಳಗೆ ಹೋಗುತ್ತಾರೆ. ಚೆಸ್ಸಿನಲ್ಲೂ ಆದದ್ದು ಅದೇ.

3

ಹಾಗಾದರೆ ಹೊಸ್ತಿಲಿನಿಂದ ಬಹಳ ದೂರವಿದ್ದವರಿಗೆ ಈ ವಿದ್ಯೆ ಹತ್ತುತ್ತಿರಲಿಲ್ಲವೇ? ಹತ್ತುತ್ತಿತ್ತು ಅನ್ನುವುದಕ್ಕೆ ಸಾಕ್ಷಿಯಿದೆ. ಅದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ.

ಅವಿಭಜಿತ ಪಂಜಾಬಿನ ದೊಡ್ಡ ಜಮೀನುದಾರ ಸರ್ ಉಮರ್ ಹಯಾತ್ ಖಾನ್ ಲಂಡನ್ನಿಗೆ ಹೋದಾಗ ಜೊತೆಗೆ ಮೀರ್ ಸುಲ್ತಾನ್ ಖಾನ್ ಅನ್ನುವ ಆಟಗಾರನನ್ನು ಕರೆದೊಯ್ದ. ಆತ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕಾನನ್ನೂ ಸೋಲಿಸಿದ. ಪಶ್ಚಿಮದ ಬರಹಗಾರರು ಆತನನ್ನು ಸೇವಕ ಅಂತಲೇ ಬರೆದುಕೊಂಡು ಬಂದರು. ಆತನ ಮನೆಯವರು ಅದನ್ನು ಒಪ್ಪಿಲ್ಲ. ಅದೇನೇ ಇರಲಿ, ಅದೇ ಯಜಮಾನನ ಮನೆಯಲ್ಲಿ ಊಳಿಗಕ್ಕಿದ್ದ ಒಬ್ಬ ಹುಡುಗಿಯೂ ಲಂಡನ್ನಿಗೆ ಹೋಗಿದ್ದಳು. ಹೆಸರು ಫಾತಿಮಾ. ಆಕೆಯೂ ಆಟ ಕಲಿತಳು. 1933ರಲ್ಲಿ ಹೇಸ್ಟಿಂಗ್ಸ್ ಊರಿನಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಪಟ್ಟಕ್ಕೆ ಆಡಿದಳು. ಹನ್ನೊಂದು ಆಟದಲ್ಲಿ ಹತ್ತು ಗೆಲುವು, ಒಂದು ಸಮ, ಸೋಲು ಇಲ್ಲವೇ ಇಲ್ಲ. ಎರಡನೆಯವಳಿಗಿಂತ ಮೂರು ಅಂಕ ಮುಂದೆ. ಆ ದೇಶವನ್ನಾಳುತ್ತಿದ್ದವರ ಹೆಣ್ಣುಮಕ್ಕಳನ್ನು ಅವರದೇ ನೆಲದಲ್ಲಿ ಸೋಲಿಸಿದವಳು ಮನೆಗೆಲಸದ ಹುಡುಗಿ.

ಆಮೇಲೆ? ಯಜಮಾನ ಪಂಜಾಬಿಗೆ ವಾಪಸ್ಸು ಬಂದ, ಆಕೆಯೂ ಬಂದಳು. ಅಲ್ಲಿಗೆ ಆಟದ ಬದುಕು ಮುಗಿಯಿತು. ಪಟ್ಟ ಉಳಿಸಿಕೊಳ್ಳಲು ಮತ್ತೆ ಹೋಗಲಿಲ್ಲ. ಸುಲ್ತಾನ್ ಖಾನ್ ಸತ್ತದ್ದು 1966ರಲ್ಲಿ. ಆತನಿಗೆ ವಿಶ್ವ ಚೆಸ್ ಫೆಡರೇಷನ್ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ. ಫಾತಿಮಾಳ ಹೆಸರು ಚೆಸ್ ಚರಿತ್ರೆಯಲ್ಲಿ ಒಂದು ಸಾಲು.

ರೋಹಿಣಿಯ ಬದುಕನ್ನು ಫಾತಿಮಾಳ ಬದುಕಿನ ಪಕ್ಕಕ್ಕಿಟ್ಟು ನೋಡಿ. ಇಬ್ಬರೂ ರಾಷ್ಟ್ರೀಯ ಮಟ್ಟದ ಚಾಂಪಿಯನ್ನರು. ಒಬ್ಬರ ಬೆನ್ನಿಗೆ ಅಪ್ಪ, ಪತ್ರಿಕೆ, ಕೋರ್ಟು, ಕೊನೆಗೆ ಯೂವೆಯವರ ತೀರ್ಪು ನಿಂತವು. ಇನ್ನೊಬ್ಬಳ ಬೆನ್ನಿಗಿದ್ದದ್ದು ಯಜಮಾನನ ಮರ್ಜಿ. ಮರ್ಜಿಯಿಂದ ಬಂದದ್ದು ಮರ್ಜಿ ಮುಗಿದಾಗ ಹೋಯಿತು. ತಲೆ ಯಾವ ಜಾತಿಯ ಸ್ವತ್ತೂ ಅಲ್ಲ, ಅದು ಫಾತಿಮಾಳಿಂದ ರುಜುವಾತಾಗಿದೆ. ಆದರೆ ತಲೆಯೊಂದರಿಂದಲೇ ಬದುಕು ಕಟ್ಟಲಾಗುವುದಿಲ್ಲ, ಅದೂ ಆಕೆಯಿಂದಲೇ ರುಜುವಾತಾಗಿದೆ. ಧಣಿಯ ಔದಾರ್ಯ ಬೇರೆ, ಹಕ್ಕು ಬೇರೆ. ಕಾಫಿ ತೋಟದ ಸಾಹುಕಾರರು ರೈಟರ ಕೈಲಿ ಮಕ್ಕಳಿಗೆ ಪಟ್ಟಿ ಪುಸ್ತಕ ಹಂಚಿಸುವುದನ್ನು ನೋಡಿದವರಿಗೆ ಈ ವ್ಯತ್ಯಾಸವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

4

ಈಗ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಾತಿಗೆ ಬರೋಣ.

ಶೃಂಗೇರಿಯಲ್ಲಿ ವಿದ್ಯೆಯ ದೇವತೆ ಹೆಣ್ಣು. ಶಂಕರರಿಗೂ ಮಂಡನಮಿಶ್ರರಿಗೂ ವಾದವಾದಾಗ ತೀರ್ಪು ಹೇಳಲು ಕೂತವಳು ಮಂಡನಮಿಶ್ರರ ಹೆಂಡತಿ ಉಭಯಭಾರತಿ, ಕೊನೆಗೆ ತಾನೇ ವಾದಕ್ಕೆ ನಿಂತಳು ಅನ್ನುವ ಕತೆಯನ್ನು ಇಲ್ಲಿ ಎಳೆ ಮಕ್ಕಳೂ ಬಲ್ಲವು. ಹೆಣ್ಣಿನ ಬುದ್ಧಿಯನ್ನು ಗುಡಿಯಲ್ಲಿ ಕೂರಿಸಿ ಪೂಜೆ ಮಾಡುವ ನಾಡಿನಲ್ಲಿ, ಶಾರದೆಯ ಹೆಸರಿಟ್ಟುಕೊಂಡ ಎಷ್ಟು ಹುಡುಗಿಯರು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ತೋಟದ ಕೆಲಸಕ್ಕೆ ಹೋದರು? ಕತೆಯಲ್ಲಿ ಹೆಣ್ಣಿಗೆ ತೀರ್ಪಿನ ಪೀಠ, ಊರಿನಲ್ಲಿ ಮೆಟ್ಟುಗತ್ತಿಯ ಮುಂದೆ ಜಾಗ. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹತ್ತು ಹನ್ನೊಂದರವರೆಗೆ ಕೂತು ಡಬ್ಬದ ಲೆಕ್ಕದಲ್ಲಿ ಸುಲಿಯುವ ಹೆಂಗಸಿನ ಬೆರಳು ಎಷ್ಟು ಚುರುಕೋ ಲೆಕ್ಕವೂ ಅಷ್ಟೇ ಚುರುಕು. ಆದರೆ ಆ ಲೆಕ್ಕವನ್ನು ಯಾರೂ ಬುದ್ಧಿ ಅನ್ನುವುದಿಲ್ಲ, ಕೈಚಳಕ ಅನ್ನುತ್ತಾರೆ.

ಮಲೆನಾಡಿನ ಮನೆಗಳ ರಚನೆಯನ್ನೇ ನೋಡಿ. ಜಗಲಿಯಿದೆ, ಅದರ ಕೆಳಗೆ ಅಂಗಳವಿದೆ. ಮಳೆಗಾಲದಲ್ಲಿ ಪಗಡೆ, ಇಸ್ಪೀಟು, ಚದುರಂಗ ಎಲ್ಲವೂ ಜಗಲಿಯ ಮೇಲೆ. ಕೆಲಸದವರು ಅಂಗಳದಲ್ಲಿ, ಹೊಲೆಯರು ಅಂಗಳದಿಂದಲೂ ಆಚೆ, ಮನೆಯ ಹೆಂಗಸರು ಬಾಗಿಲ ಹಿಂದೆ. ಆಟ ಕಣ್ಣಿಗೆ ಬೀಳದಷ್ಟು ದೂರದಲ್ಲಿ ನಿಲ್ಲಿಸಿ, ಆಮೇಲೆ ಇವರಿಗೆ ಇದೆಲ್ಲ ತಿಳಿಯುವುದಿಲ್ಲ ಅಂದರು. ಕುವೆಂಪು ಹುಟ್ಟಿದ್ದು ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಈ ಜಗಲಿ-ಅಂಗಳದ ಲೋಕವನ್ನು ಅವರ ಕಾದಂಬರಿಗಳಲ್ಲಿ ಓದಿದವರಿಗೆ ಯಾರು ಎಲ್ಲಿ ನಿಲ್ಲುತ್ತಿದ್ದರು ಅಂತ ಗೊತ್ತು.

ಆದರೆ ಅಂಗಳದವರಿಗೆ ಆಟವೇ ಇರಲಿಲ್ಲವೇ? ಇತ್ತು. ಚೆನ್ನೆಮಣೆ ಇತ್ತು. ಎರಡು ಸಾಲಿನಲ್ಲಿ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಕಾಳು. ಒಂದು ಗುಳಿಯ ಕಾಳೆತ್ತಿ ಸುತ್ತಿ ಹಾಕಿದರೆ ಕೊನೆಯ ಕಾಳು ಎಲ್ಲಿ ಬೀಳುತ್ತದೆ ಅಂತ ನಾಲ್ಕು ಸುತ್ತು ಮುಂದಕ್ಕೆ ಮನಸ್ಸಿನಲ್ಲೇ ನೋಡಬಲ್ಲ ಅಜ್ಜಿಯಂದಿರು ಇಲ್ಲಿ ಇದ್ದರು. ಆಡು-ಹುಲಿ ಆಟ ಇತ್ತು. ದನ ಕಾಯುವ ಹುಡುಗರು ಬಂಡೆಯ ಮೇಲೆ ಗೆರೆ ಎಳೆದು ಆಡುತ್ತಿದ್ದರು. ಅದರಲ್ಲಿ ರಾಜನೂ ಇಲ್ಲ, ಮಂತ್ರಿಯೂ ಇಲ್ಲ. ಹುಲಿ ಹಾರಿ ತಿನ್ನುತ್ತದೆ, ಆಡಿಗೆ ಹಾರುವ ಹಕ್ಕಿಲ್ಲ. ಆಡುಗಳು ಒಂದಕ್ಕೊಂದು ಒತ್ತಾಗಿ ನಿಂತು ಹುಲಿಯನ್ನು ಕಟ್ಟಿಹಾಕಿದರೆ ಮಾತ್ರ ಗೆಲುವು. ಎರಡು ಬಲ ಸಮವಿಲ್ಲದ ಲೋಕವನ್ನು ಅನುಭವಿಸಿದವರೇ ಇಂಥ ಆಟ ಕಟ್ಟಲು ಸಾಧ್ಯ ಅಂತ ನನಗನ್ನಿಸುತ್ತದೆ.

ಚದುರಂಗಕ್ಕೆ ಅರಮನೆಯ ಆಸರೆ ಸಿಕ್ಕಿತು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರೇ ಕುದುರೆಯ ನಡೆಯಲ್ಲಿ ಅರವತ್ತನಾಲ್ಕು ಮನೆ ಸುತ್ತುವ ಬಂಧಗಳನ್ನು ಕಟ್ಟಿದವರು. ಆಮೇಲೆ ಫೆಡರೇಷನ್ನು, ಪಟ್ಟ, ಪ್ರಶಸ್ತಿ ಎಲ್ಲ ಬಂತು. ಚೆನ್ನೆಮಣೆಗೆ ಸಿಕ್ಕಿದ್ದು ಅಟ್ಟದ ಮೂಲೆ, ಈಚೆಗೆ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ. ಒಂದು ಆಟ ಬುದ್ಧಿಯಾಯಿತು, ಇನ್ನೊಂದು ಜಾನಪದವಾಯಿತು. ಈ ಹಂಚಿಕೆ ಆಟದ ಗುಣದಿಂದ ಆದದ್ದಲ್ಲ, ಆಡುವವರ ಅಂತಸ್ತಿನಿಂದ ಆದದ್ದು.

5

ಕಾಲ ಬದಲಾಗಿಲ್ಲವೇ ಅಂತ ಕೇಳಬಹುದು. ಬದಲಾಗಿದೆ. 2024ರಲ್ಲಿ ಬುಡಾಪೆಸ್ಟಿನ ಒಲಿಂಪಿಯಾಡಿನಲ್ಲಿ ಭಾರತದ ಹೆಣ್ಣುಮಕ್ಕಳ ತಂಡ ಚಿನ್ನ ಗೆದ್ದಿತು. 2025ರ ಜುಲೈಯಲ್ಲಿ ನಾಗಪುರದ ದಿವ್ಯಾ ದೇಶಮುಖ್, ಆಕೆಯೂ ರಾಷ್ಟ್ರೀಯ ಮಹಿಳಾ ಚಾಂಪಿಯನ್ ಆಗಿದ್ದವಳೇ, ಮಹಿಳಾ ವಿಶ್ವಕಪ್ ಗೆದ್ದಳು. ಅದರೊಂದಿಗೆ ಆಕೆ ಭಾರತದ 88ನೇ ಗ್ರ್ಯಾಂಡ್‌ಮಾಸ್ಟರ್ ಆದಳು. ಆ ಎಂಬತ್ತೆಂಟರಲ್ಲಿ ಹೆಂಗಸರು ನಾಲ್ಕೇ ಜನ: ಹಂಪಿ, ಹಾರಿಕಾ, ವೈಶಾಲಿ, ದಿವ್ಯಾ. 1976ರಲ್ಲಿ ತೆರೆದ ಬಾಗಿಲಿನಿಂದ ಸುಮಾರು ಐವತ್ತು ವರ್ಷದಲ್ಲಿ ಆ ಎತ್ತರಕ್ಕೆ ಹೋದವರು ನಾಲ್ವರು. ಕೂಲಿಯ ಲೆಕ್ಕವೂ ಹಾಗೇ. ಸಮಾನ ಕೆಲಸಕ್ಕೆ ಸಮಾನ ವೇತನ ಅನ್ನುವ ಕಾಯಿದೆ ನಮ್ಮ ದೇಶದಲ್ಲಿ ಅದೇ 1976ರಲ್ಲಿ ಬಂತು. ಆದರೆ 2024ರಲ್ಲಿ ಟೊರಾಂಟೊದಲ್ಲಿ ನಡೆದ ಕ್ಯಾಂಡಿಡೇಟ್ಸ್ ಪಂದ್ಯಾವಳಿಯಲ್ಲಿ ಮುಕ್ತ ವಿಭಾಗದ ಬಹುಮಾನದ ಒಟ್ಟು ಹಣ 5 ಲಕ್ಷ ಯೂರೋ, ಮಹಿಳಾ ವಿಭಾಗದ್ದು ಎರಡೂವರೆ ಲಕ್ಷ. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಅದರಲ್ಲಿ ಅರ್ಧ ಅನ್ನುವ ಮಾತು ಚೆಸ್ಸಿನ ಮಣೆಗೂ ಹತ್ತಿಕೊಂಡಿದೆ.

ಆದ್ದರಿಂದ ನಮ್ಮ ಬೇಡಿಕೆ ನಮ್ಮೂರಿಂದಲೂ ಒಬ್ಬಳು ಚಾಂಪಿಯನ್ ಬರಲಿ ಅನ್ನುವುದಲ್ಲ. ಒಬ್ಬಳು ಬಂದರೆ ಆಕೆಯ ಫೋಟೋ ಹಾಕಿ ಉಳಿದವರ ಬಾಯಿ ಮುಚ್ಚಿಸುತ್ತಾರೆ. ಬೇಕಾದದ್ದು ಏಣಿ. ಸೋವಿಯತ್ ಜಾರ್ಜಿಯಾದಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರವೇ ಏಣಿ ಇಟ್ಟಿತು, ಮಕ್ಕಳ ಕೂಟಗಳಲ್ಲಿ ಬಿಟ್ಟಿಯಾಗಿ ಕಲಿಸಿತು. 1978ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಪದವಿ ಪಡೆದ ಜಗತ್ತಿನ ಮೊದಲ ಹೆಣ್ಣು ನೋನಾ ಗಪ್ರಿಂದಾಶ್ವಿಲಿ ಬಂದದ್ದು ಅಲ್ಲಿಂದ. ಅಷ್ಟು ದೂರ ಯಾಕೆ, ಕೇರಳದ ತೃಶೂರು ಜಿಲ್ಲೆಯ ಮರೋಟ್ಟಿಚ್ಚಾಲ್ ಅನ್ನುವ ಹಳ್ಳಿಯಲ್ಲಿ ಸಾರಾಯಿಗೆ ಬಿದ್ದಿದ್ದ ಜನ ಚಹಾದಂಗಡಿಯಲ್ಲಿ ಕೂತು ಚೆಸ್ ಕಲಿತರು, ಊರಿಗೆ ಊರೇ ಆಡುವಂತಾಯಿತು. ನರಸಿಂಹರಾಜಪುರದ ಕಡೆ ಬಂದು ನೆಲೆಸಿದ ಮಲಯಾಳಿ ಕುಟುಂಬಗಳಿಗೆ ಇದು ಪರಕೀಯ ಸುದ್ದಿಯಲ್ಲ.

ನಮ್ಮಲ್ಲೂ ಕಾಗದದ ಮೇಲೆ ಏಣಿ ಇತ್ತು. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ಮನೆ, ಶಿಶುವಿಹಾರ, ಮಕ್ಕಳ ಓದು ಇವುಗಳ ಜೊತೆಗೆ ಕಾರ್ಮಿಕರ ಮನರಂಜನೆಗೂ ಮಾಲೀಕರಿಂದ ಏರ್ಪಾಡು ಮಾಡಿಸಲು ಸರ್ಕಾರ ನಿಯಮ ಮಾಡಬಹುದೆಂದು ಬರೆದಿತ್ತು. ಲೈನುಮನೆಗಳಲ್ಲಿ ಬೆಳೆದವರನ್ನು ಕೇಳಿ ನೋಡಿ, ಆ ಕಲಮು ಎಲ್ಲಿ ಕಾಣಿಸಿತು ಅಂತ. ಬಿಡುವು ಕೂಡ ಕೂಲಿಯ ಭಾಗ ಅನ್ನುವುದನ್ನು ನಮ್ಮ ಸಂಘಗಳೇ ಗಟ್ಟಿಯಾಗಿ ಕೇಳಲಿಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲ್ಲಿನ ವಿದ್ಯಾರ್ಥಿಗಳಿಗೆ ಒಂದು ಮಾತು. ಮಣೆಗೆ ದುಡ್ಡಿಲ್ಲ ಅನ್ನಬೇಡಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಅರವತ್ತನಾಲ್ಕು ಮನೆ ಬರೆಯಬಹುದು. ಚೀಟಿ ಅಂಟಿಸಿದ ಅಡಿಕೆ, ಹುಣಸೆ ಬೀಜ, ಬಾಟಲಿ ಮುಚ್ಚಳ ಕಾಯಿಗಳಾಗುತ್ತವೆ. ಆಟವನ್ನು ಶಾಲೆಯ ಹೊತ್ತಿನೊಳಗೇ ಇಡಿ. ಗಂಟೆ ಹೊಡೆದ ಮೇಲೆ ಇಟ್ಟರೆ ಹುಡುಗರು ಉಳಿಯುತ್ತಾರೆ, ಹುಡುಗಿಯರು ನೀರಿಗೆ, ಸೌದೆಗೆ, ತಮ್ಮನನ್ನು ಎತ್ತಿಕೊಳ್ಳಲು ಓಡುತ್ತಾರೆ. ಹುಡುಗಿಯನ್ನು ಹುಡುಗಿಯ ಎದುರೇ ಕೂರಿಸಬೇಡಿ, ಹುಡುಗನ ಎದುರೂ ಕೂರಿಸಿ. ಕೇರಿಯ ಮಗುವನ್ನು ಜಗಲಿ ಮನೆಯ ಮಗುವಿನ ಎದುರು ಕೂರಿಸಿ. ಪಕ್ಕದಲ್ಲೇ ಚೆನ್ನೆಮಣೆಯನ್ನೂ ಆಡು-ಹುಲಿಯನ್ನೂ ಇಡಿ, ಅದನ್ನು ಕಲಿಸಲು ಮಕ್ಕಳ ಅಜ್ಜಿಯನ್ನೇ ಶಾಲೆಗೆ ಕರೆಯಿರಿ. ತಾಲ್ಲೂಕು ಪಂದ್ಯಕ್ಕೆ ಬಸ್ ಚಾರ್ಜು, ಬೆಂಗಳೂರಿನ ಪಂದ್ಯಕ್ಕೆ ಪ್ರವೇಶ ಶುಲ್ಕ ಬೇಕಾದಾಗ ಸಾಹುಕಾರರ ಮನೆಗೆ ಹೋಗಬೇಡಿ, ಇಲಾಖೆಗೆ ಅರ್ಜಿ ಹಾಕಿ, ಪಂಚಾಯಿತಿಯಲ್ಲಿ ಎದ್ದು ನಿಂತು ಕೇಳಿ.

ಇಷ್ಟಾದ ಮೇಲೆ ರೋಹಿಣಿಯ ಕತೆಯನ್ನು ಮಕ್ಕಳಿಗೆ ಹೇಳಿ. ಹೆಣ್ಣಿಗೆ ಜಾಗವಿಲ್ಲ ಅಂದ ಕಡೆ ಹದಿಮೂರರ ಹುಡುಗಿ ಕುರ್ಚಿ ಎಳೆದು ಕೂತಳು ಅಂತ ಹೇಳಿ. ಆ ಕುರ್ಚಿಯ ಹಿಂದೆ ಯಾರ್ಯಾರಿದ್ದರು ಅನ್ನುವುದನ್ನೂ ಹೇಳಿ. ಫಾತಿಮಾಳ ಹಿಂದೆ ಯಾಕೆ ಯಾರೂ ಇರಲಿಲ್ಲ ಅಂತ ಮಕ್ಕಳೇ ಕೇಳುತ್ತಾರೆ. ಕೇಳಿದಾಗ ಉತ್ತರ ಹೇಳುವ ಧೈರ್ಯ ಮೇಷ್ಟ್ರಿಗಿರಬೇಕು.